ಎರಿಭೂತದ ಹಾಳೆ

ಬಾದಾಮಿಯ ಕೆಂಪು ಬಂಡೆಯ ಅಂಚಿನಲ್ಲಿ ರಣಹದ್ದು ಕೂತಿದೆ ಎಂದು ಒಂದು ಬ್ಯಾಚು ಹುಡುಗರಿಗೆ ನೋಟ್ಸು ಬರೆಸಿದ ಪ್ರಾಣಿಶಾಸ್ತ್ರದ ಲೆಕ್ಚರರು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಬಗ್ಗಿದ ಬೆನ್ನು, ಭುಜದೊಳಗೆ ಹುದುಗಿದ ಕುತ್ತಿಗೆ, ಕೂದಲಿಲ್ಲದ ಮುಖ ಎಂದು ನಾನು ಒಂದೊಂದೇ ಲಕ್ಷಣ ಹೇಳುತ್ತ ಹೋದೆ, ಅವರು ಬರೆದುಕೊಳ್ಳುತ್ತ ಹೋದರು. ನಾಲ್ಕನೆಯ ಲಕ್ಷಣಕ್ಕೆ ಬಂದಾಗ ನನ್ನ ರಣಹದ್ದು ಕೈ ಎತ್ತಿ ಕಂಕುಳು ಕೆರೆದುಕೊಂಡಿತು. ಆಮೇಲೆ ಉದ್ದನೆಯ ಬಾಲ ಬಿಟ್ಟುಕೊಂಡು ಪಕ್ಕದ ಬಂಡೆಗೆ ನೆಗೆಯಿತು. ಹುಡುಗರು ನಗಲಿಲ್ಲ, ಪಾಪ, ಪ್ರಾಕ್ಟಿಕಲ್ ಮಾರ್ಕು ನನ್ನ ಕೈಯಲ್ಲಿತ್ತು. ನಾನು ಮಾತ್ರ ದುರ್ಬೀನು ಹಿಡಿದುಕೊಂಡು ದಂಗಾಗಿ ನಿಂತಿದ್ದೆ. ಮಂಗನನ್ನು ಹದ್ದು ಅಂದದ್ದಕ್ಕಲ್ಲ. ಅಷ್ಟು ಹೊತ್ತು ಆ ದುರ್ಬೀನಿನಲ್ಲಿ ನಾನು ಒಂದು ಕೊಕ್ಕನ್ನು ನೋಡಿದ್ದೆ. ದೇವರಾಣೆ ನೋಡಿದ್ದೆ. ಅದು ಎಲ್ಲಿಂದ ಬಂದಿತ್ತು?

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಬಾಗಲಕೋಟೆಯ ಕಾಲೇಜಿನಲ್ಲಿ ಕೆಲಸ, ವಿದ್ಯಾಗಿರಿಯಲ್ಲಿ ಬಾಡಿಗೆ ಮನೆ. ಮಿಲಿಟರಿಯಿಂದ ನಿವೃತ್ತನಾಗಿ ಬಂದ ಸೋದರಮಾವ ಒಂದು ಹಳೆಯ ದುರ್ಬೀನು ಕೊಟ್ಟಿದ್ದ, ಅಷ್ಟೇ, ನನಗೆ ಕೋಡು ಮೂಡಿತ್ತು. ಹಕ್ಕಿಯ ಹೆಸರು ಹೇಳಲು ನನಗೆ ಎರಡನೆಯ ಸಲ ನೋಡುವ ಅಭ್ಯಾಸವೇ ಇರಲಿಲ್ಲ. ಒಮ್ಮೆ ನೋಡಿದೆ, ಹೇಳಿದೆ, ಮುಗಿಯಿತು. ಯಾರಾದರೂ ಅನುಮಾನಿಸಿದರೆ ಸಿಟ್ಟು ಬರುತ್ತಿತ್ತು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಆದದ್ದೂ ಹೀಗೆಯೇ. ಅಲ್ಲಿ ಹೆಂಡತಿಯ ಸೀರೆಗೆಂದು ಹೋದವನು ಬೇವಿನ ಮರದ ಕೆಳಗೆ ನಿಂತುಬಿಟ್ಟೆ. ಒಂದೇ ಸಮನೆ ಟಕ್, ಟಕ್, ಟಕ್ ಎಂದು ಕುಟ್ರ ಹಕ್ಕಿ ಕೂಗುತ್ತಿತ್ತು. ಮೇಲೆ ನೋಡಿ ನೋಡಿ ಕತ್ತು ಹಿಡಿದುಕೊಂಡಿತು. ಕಡೆಗೆ ಎದುರು ಮನೆಯ ಹೆಣ್ಣುಮಗಳೊಬ್ಬಳು ಹೊರಗೆ ಬಂದು, ಅದು ಹಕ್ಕಿಯಲ್ಲ, ತನ್ನ ಮಾವ ಕುಣಿಮಗ್ಗದಲ್ಲಿ ಕೂತು ಲಾಳಿ ಹೊಡೆಯುತ್ತಿದ್ದಾನೆ ಎಂದು ಹೇಳಿ, ಬಿಸಿಲಲ್ಲಿ ನಿಲ್ಲಬೇಡಿ, ಒಳಗೆ ಬಂದು ಚಹಾ ಕುಡಿಯಿರಿ ಎಂದು ಕರೆದಳು. ಮಗ್ಗಕ್ಕೇ ಹೆಸರಾದ ಊರಿನಲ್ಲಿ ಮಗ್ಗದ ಸಪ್ಪಳ ನನಗೆ ಹಕ್ಕಿಯಾಗಿ ಕೇಳಿತ್ತು! ಹೆಂಡತಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಈ ಎರಡೂ ಪ್ರಸಂಗಗಳು ಚಿತ್ರವಾಗಿ ಉಳಿದುಕೊಂಡಿವೆ. ಅದಕ್ಕೆ ಕಾರಣ ನಮ್ಮೂರಿನ ಒಂದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ನನಗಿಂತ ಹದಿನೈದು ವರ್ಷ ದೊಡ್ಡವರು, ಕಡ್ಡಿಯಂಥ ಆಳು, ಸದಾ ಹೆಗಲಿಗೆ ಖಾದಿ ಚೀಲ. ಚೀಲದಲ್ಲಿ ದಪ್ಪ ರಟ್ಟಿನ ಒಂದು ಚಿತ್ರದ ಪುಸ್ತಕ. ಸುತ್ತಲಿನ ಹೊಲ, ಹಳ್ಳ, ಗುಡ್ಡದ ಹಕ್ಕಿಗಳನ್ನೆಲ್ಲ ಅವರು ವರ್ಷಗಳಿಂದ ಅದರಲ್ಲಿ ಬರೆಯುತ್ತ ಬಂದಿದ್ದರು. ಅವರದು ಒಂದೇ ನೇಮ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು, ಕಂಡದ್ದನ್ನು ಬಿಡಬಾರದು. ಪ್ರತಿ ಹಾಳೆಯ ಕೆಳಗೆ 'ನೋಡಿದವರು' ಎಂದು ಬರೆದು, ಆಗ ಜೊತೆಗಿದ್ದು ನೋಡಿದವರ ಹೆಸರನ್ನೂ ಹಾಕುತ್ತಿದ್ದರು. ನನ್ನ ಸಂಗಡ ತಿರುಗಾಡಲು ಶುರುಮಾಡಿದ ಮೇಲೆ ಪುಸ್ತಕದ ಹಿಂಬದಿಯಲ್ಲಿ 'ಸರ್ ತೋರಿಸಿದ ಹಕ್ಕಿಗಳು' ಎಂಬ ಬೇರೆ ಭಾಗವೇ ತೆರೆಯಿತು. ಬಾದಾಮಿಗೆ ಅವರೂ ಬಂದಿದ್ದರು, ಅದರ ಮೊದಲ ಹಾಳೆಯಲ್ಲಿ ಆ ಮಂಗ ಕಂಕುಳು ಕೆರೆಯುತ್ತಿದೆ. ಎರಡನೆಯದರಲ್ಲಿ ಕುಣಿಮಗ್ಗ. ಇಳಕಲ್ಲಿಗೆ ಅವರು ಬಂದಿರಲಿಲ್ಲ, ಆದರೆ ನೇಮ ಬಿಡಬಾರದೆಂದು ಬಸ್ಸು ಹತ್ತಿ ಹೋಗಿ, ಆ ಮನೆ ಹುಡುಕಿ, ಮಗ್ಗ ನೋಡಿಕೊಂಡು ಬಂದು ಬರೆದಿದ್ದರು. ಇಂಥ ಮನುಷ್ಯನ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಪುಸ್ತಕದ ನಡುವೆ ಒಂದು ಹಾಳೆ ಮಾತ್ರ ಖಾಲಿ ಇತ್ತು. ತಲೆಯಲ್ಲಿ 'ಎರಿಭೂತ' ಎಂದು ಅಂದವಾಗಿ ಬರೆದು ಬಿಟ್ಟಿದ್ದರು. ನಮ್ಮ ಎರಿ ಹೊಲಗಳಲ್ಲಿ, ಅಂದರೆ ಕರಿ ಮಣ್ಣಿನ ಸೀಮೆಯಲ್ಲಿ, ಓಡಾಡುವ ಭಾರಿ ಹಕ್ಕಿ ಅದು. ಮೊಳಕಾಲಿಗಿಂತ ಎಷ್ಟೋ ಎತ್ತರ, ಬಿಳಿ ಕುತ್ತಿಗೆ, ಕಪ್ಪು ಟೋಪಿ ಇಟ್ಟಂಥ ತಲೆ, ಕಂದು ಮೈ. ಹಿಂದೆ ಹುನಗುಂದದ ಕಡೆ ಬೇಕಾದಷ್ಟಿದ್ದವು ಎಂದು ಮುದುಕರು ಹೇಳುತ್ತಿದ್ದರು. ಮಾಸ್ತರರಿಗೆ ಅದು ಒಮ್ಮೆಯೂ ಕಂಡಿರಲಿಲ್ಲ.

ಅವರಿಗೆ ಅವಸರವಿತ್ತು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು, ಕೊಳವೆಯೊಳಗಿಂದ ನೋಡಿದ ಹಾಗೆ, ನೆಟ್ಟಗೆ ಎದುರಿಗಿರುವುದನ್ನಷ್ಟೇ ತೋರಿಸುತ್ತಿತ್ತು. ಮಿರಜಿನ ದವಾಖಾನೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರರು ಕಣ್ಣಿನ ನರ ಒಣಗುತ್ತಿದೆ, ತಡೆಯಬಹುದು, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಹೇಳಿ ಹನಿ ಬರೆದುಕೊಟ್ಟಿದ್ದರು. ಶಾಲೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ನನಗೆ ಹೇಳಿದ್ದರು. ಉಳಿದ ಕಣ್ಣೂ ಮುಚ್ಚುವುದರೊಳಗೆ ಆ ಹಾಳೆ ತುಂಬಬೇಕು ಎಂಬುದೊಂದೇ ಅವರ ಆಸೆ. ನಾನು ಎದೆ ತಟ್ಟಿಕೊಂಡು ಹೇಳಿದ್ದೆ, ಎರಿಭೂತ ತೋರಿಸುವ ಜವಾಬ್ದಾರಿ ನನ್ನದು ಎಂದು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ನಾನು ಹೆಂಡತಿಯ ಸಂಗಡ ಹುನಗುಂದದ ಹತ್ತಿರದ ಅವಳ ತವರಿಗೆ ಹೋಗಿದ್ದೆ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆಗೆ ಎಡೆಯ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಬಂದೆವು. ಕಲ್ಲಿಗೆ ಸುಣ್ಣ ಬಳಿದವನು ನಾನೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದು ಕಲ್ಲಿನ ಪೂಜೆ ಗೊತ್ತಿಲ್ಲದ ಪರದೇಶದವನಿಗೆ ಆಗಿದ್ದರೆ ನಾನು ಕ್ಷಮಿಸುತ್ತಿದ್ದೆ.

ಮರುದಿನ ಬಾಗಲಕೋಟೆಗೆ ತಿರುಗಿ ಬರುವಾಗ, ಕಮತಗಿ ಇನ್ನೂ ದೂರವಿರುವಾಗ, ಬಸ್ಸಿನ ಕಿಟಕಿಯಿಂದ ಅದು ಕಂಡಿತು. ಕಡಲೆ ಹೊಲದ ಆಚೆ, ಬದುವಿನ ಮೇಲೆ. ಬಿಳಿ ಕುತ್ತಿಗೆ, ಕಪ್ಪು ತಲೆ, ಕಂದು ಮೈ. ಬಸ್ಸು ನಿಲ್ಲಿಸಿ ಇಳಿದೆ, ಹೆಂಡತಿ ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋದಳು. ನನ್ನ ಬಳಿಯ ಪುಸ್ತಕದಲ್ಲಿ ಈ ಹಕ್ಕಿ ಮಹಾ ಅಂಜುಬುರುಕ, ಹತ್ತಿರ ಹೋಗಲೇಬಾರದು ಎಂದಿತ್ತು. ಹಾಗಾಗಿ ರಸ್ತೆ ಬಿಟ್ಟು ಒಂದು ಹೆಜ್ಜೆ ಇಡಲಿಲ್ಲ. ದುರ್ಬೀನಿನಲ್ಲಿ ನೋಡಿದೆ. ಬಿಸಿಲ ಝಳದಲ್ಲಿ ಅದು ಕತ್ತು ಕೊಂಕಿಸಿತು, ಎರಡು ಹೆಜ್ಜೆ ಇಟ್ಟಿತು, ನಿಂತಿತು. ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುವುದೂ ಈ ಹಕ್ಕಿಯ ಗುಣವೇ ಎಂದು ಅದೇ ಪುಸ್ತಕದಲ್ಲಿತ್ತು. ಎಲ್ಲ ಹೊಂದಿತು.

ಮುಂದಿನ ದಿನ ರಜೆ ಹಾಕಿಸಿ ಮಾಸ್ತರರನ್ನು ಕರೆದುಕೊಂಡು ಬಂದೆ. ಬಸ್ಸಿಳಿದು ನೋಡಿದರೆ ಹಕ್ಕಿ ಅದೇ ಬದುವಿನ ಮೇಲೆ! ಅಲ್ಲೇ ಗೂಡು ಮಾಡಿದೆ ಎಂದು ನನಗೆ ಇನ್ನಷ್ಟು ಖಾತ್ರಿಯಾಯಿತು. ದುರ್ಬೀನನ್ನು ಅವರ ಕೈಗೆ ಕೊಟ್ಟೆ. ಅವರು ಜಾಲಿ ಗಿಡದ ನೆರಳಿಗೆ ಕೂತು, ಒಂದು ಕೈಯಲ್ಲಿ ದುರ್ಬೀನು ಹಿಡಿದು, ತೊಡೆಯ ಮೇಲೆ ಆ ಖಾಲಿ ಹಾಳೆಯನ್ನು ತೆರೆದುಕೊಂಡರು. ಬರೆಯುವಾಗ ಯಾರಾದರೂ ಇಣುಕಿದರೆ ಅವರಿಗೆ ಆಗುತ್ತಿರಲಿಲ್ಲ. ನಾನು ದೂರ ನಿಂತು, ನೋಡಿ ಕಪ್ಪು ಟೋಪಿ, ನೋಡಿ ಬಿಳಿ ಕುತ್ತಿಗೆ, ಎಂದು ಪಿಸುಗುಟ್ಟುತ್ತಿದ್ದೆ. ಅವರು ಹಾಳೆಯಲ್ಲಿ ಪೆನ್ಸಿಲ್ಲು ಇಡದೆ ಬಹಳ ಹೊತ್ತು ಕೂತಿದ್ದರು. ಆಮೇಲೆ ಪುಸ್ತಕವನ್ನು ತಿರುವಿ, ಹಿಂಬದಿಯಲ್ಲಿ ಏನೋ ಬರೆಯತೊಡಗಿದರು. ನಡುನಡುವೆ ಅವರು ಕಣ್ಣೊರೆಸಿಕೊಳ್ಳುತ್ತಿರುವುದು ನನಗೆ ಕಂಡಿತು. ಸಂತೋಷಕ್ಕೆ ಎಂದುಕೊಂಡೆ.

ಅರ್ಧ ಗಂಟೆಯಾದ ಮೇಲೆ ಅವರು ದುರ್ಬೀನು ಇಳಿಸಿದರು. ಮುಖ ಬಿಳುಚಿಕೊಂಡಿತ್ತು.

"ಸರ, ನನ್ನ ಕಣ್ಣು ಹೋತು ಅಂತ ಕಾಣ್ತೈತ್ರಿ," ಅಂದರು. "ನೀವು ಹಕ್ಕಿ ಅಂತೀರಿ. ನನಗ ಅಲ್ಲಿ ಬರೇ ಕಲ್ಲು ಕಾಣಾಕತ್ತೈತಿ."

ಪುಸ್ತಕವನ್ನು ನನ್ನ ಮುಂದೆ ಹಿಡಿದರು. ಹಾಳೆಯ ಮೇಲೆ ಒಂದು ಎತ್ತರದ ಕಲ್ಲು, ಪಕ್ಕದಲ್ಲಿ ನಾಲ್ಕು ಸಣ್ಣವು. ಮೇಲರ್ಧಕ್ಕೆ ಹೊಸ ಸುಣ್ಣ. ತಲೆ, ವರ್ಷ ವರ್ಷ ಎಣ್ಣೆ ಎರೆದು ಕಪ್ಪು. ಕೆಳಗೆ ಸುಣ್ಣ ಮುಟ್ಟದ ಕಂದು ಕಲ್ಲು. ಕುಂಕುಮ, ಒಡೆದ ತೆಂಗಿನ ಚಿಪ್ಪು, ಚಿಪ್ಪಿನೊಳಗೆ ಇಣುಕುತ್ತಿರುವ ಒಂದು ಕಾಗೆ.

ದುರ್ಬೀನು ಕಸಿದುಕೊಂಡು ನೋಡಿದೆ. ಈಗ ಕಲ್ಲು. ಎಷ್ಟು ಸಲ ನೋಡಿದರೂ ಕಲ್ಲು. ಕಡಲೆ ತುಳಿಯುತ್ತ ಹೊಲದೊಳಗೆ ಓಡಿ, ಬದು ಹತ್ತಿ ಅದನ್ನು ಮುಟ್ಟಿದೆ. ಅಂಗೈಗೆ ಸುಣ್ಣ ಹತ್ತಿತು. ಎರಡು ದಿನ ಮುಂಚೆ ಇಂಥದೇ ಕಲ್ಲಿಗೆ ಇದೇ ಕೈಯಿಂದ ಸುಣ್ಣ ಬಳಿದಿದ್ದೆನಲ್ಲ! ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಗಾಬರಿ. ಕಣ್ಣು ಕಳೆದುಕೊಳ್ಳುತ್ತಿರುವ ಮನುಷ್ಯನೊಬ್ಬ ಸರಿಯಾಗಿ ಕಂಡದ್ದನ್ನು, ನನ್ನ ಮಾತು ಕೇಳಿ, ಕಣ್ಣು ಹೋದದ್ದಕ್ಕೆ ಸಾಕ್ಷಿ ಎಂದು ತಿಳಿದಿದ್ದ. ಅರ್ಧ ಗಂಟೆ ಆ ಜಾಲಿ ಗಿಡದ ಕೆಳಗೆ ಅವರು ಕುರುಡರಾಗಿ ಕೂತಿದ್ದರು. ಅವರನ್ನು ಕುರುಡು ಮಾಡಿದವನು ನಾನು.

ತಿರುಗಿ ಬಂದು ಸುಣ್ಣದ ಅಂಗೈಯನ್ನು ಅವರ ಎದುರಿಗೆ ಹಿಡಿದೆ. ಅವರು ಕೈಯನ್ನು ಹತ್ತಿರ ತಂದು ನೋಡಿದರು, ಬೆರಳಿನಿಂದ ಸುಣ್ಣ ಒರೆಸಿ ನೋಡಿದರು, ಆಮೇಲೆ ದೊಡ್ಡ ಉಸಿರು ಬಿಟ್ಟರು. ನಕ್ಕರು ಕೂಡ. ಚಿತ್ರದ ಕೆಳಗೆ 'ಸರ್ ತೋರಿಸಿದ ಎರಿಭೂತ' ಎಂದು ಬರೆದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದಿನಿಂದ ದುರ್ಬೀನನ್ನು ಟ್ರಂಕಿನ ತಳಕ್ಕೆ ಹಾಕಿದೆ. ಬಿಸಿ ಹಾಲು ಕುಡಿದ ಬೆಕ್ಕಿನ ಗತಿ ನನ್ನದು. ಮೊದಲು ಕಂಡದ್ದೆಲ್ಲ ಹಕ್ಕಿಯಾಗುತ್ತಿತ್ತು, ಈಗ ಹಕ್ಕಿಯೂ ಕಲ್ಲೇ. ತರಗತಿಯಲ್ಲಿ ಹುಡುಗರು ಹೊರಗಿನ ಗಿಡ ತೋರಿಸಿ ಅದು ಯಾವ ಹಕ್ಕಿ ಎಂದು ಕೇಳಿದರೆ, ಪಾಠದ ಕಡೆ ಲಕ್ಷ್ಯ ಕೊಡಿ ಎಂದು ರೇಗುತ್ತಿದ್ದೆ.

ಒಂದು ತಿಂಗಳು ಕಳೆದಿರಬೇಕು. ಕಮತಗಿಯ ಆಚೆಯ ಹಳ್ಳಿಯೊಂದರಲ್ಲಿ, ನಮ್ಮಿಬ್ಬರಿಗೂ ಬೇಕಾದ ಗೆಳೆಯರ ಮಗುವಿನ ಜವಳ ಇತ್ತು. ಆ ಹಳ್ಳಿಗೆ ಬಸ್ಸಿರಲಿಲ್ಲ. ಕಮತಗಿಯಲ್ಲಿ ಬಾಡಿಗೆ ಸೈಕಲ್ಲು ಹಿಡಿದು, ಮಾಸ್ತರರನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೋದೆ. ಊಟ ಮುಗಿಸಿ, ಗೆಳೆಯರು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಗಂಟನ್ನು ಹ್ಯಾಂಡಲಿಗೆ ನೇತುಹಾಕಿ, ಸಂಜೆಯ ಮುಂಚೆ ತಿರುಗಿ ಹೊರಟೆವು. ಬಂಡಿಯ ಜಾಡು, ಎದುರು ಗಾಳಿ, ಹೊಟ್ಟೆ ತುಂಬ ಊಟ. ನನ್ನ ತಲೆ ಕೆಟ್ಟಿತ್ತು.

ಹಿಂದಿನಿಂದ ಮಾಸ್ತರರು ಮೆಲ್ಲಗೆ, "ಸರ, ಸೈಕಲ್ ಸ್ವಲ್ಪ ನಿಂದ್ರಸ್ರಿ. ಅಲ್ಲೊಂದು ಹಕ್ಕಿ ಐತಿ," ಅಂದರು.

ನಾನು ತಲೆ ತಿರುಗಿಸಲಿಲ್ಲ. "ಹಕ್ಕಿ ಅಲ್ರಿ ಮಾಸ್ತರ, ಅವು ಪಾಂಡವರು. ನಾ ಕೈ ಮುಟ್ಟಿ ನೋಡೇನಿ," ಎಂದು ತುಳಿಯುತ್ತಲೇ ಇದ್ದೆ. ಮತ್ತೂ ಒಂದು ಸಲ ಅವರು ನನ್ನ ಬೆನ್ನು ತಟ್ಟಿದರು. ನನ್ನನ್ನು ಚೇಷ್ಟೆ ಮಾಡುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು, ಇನ್ನೂ ಜೋರಾಗಿ ತುಳಿದೆ. ಸೈಕಲ್ಲು ಒಮ್ಮೆಲೇ ಹಗುರಾಗಿ ಸಲೀಸಾಗಿ ಓಡತೊಡಗಿತು. ಗಾಳಿ ಇಳಿಯಿತು ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಮಾತಿಗೆಂದು ತಿರುಗಿದರೆ ಕ್ಯಾರಿಯರ್ ಖಾಲಿ. ಹಿಂದೆ, ಜೋಳದ ಹೊಲದ ಅಂಚಿನಲ್ಲಿ, ಮಾಸ್ತರರು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು.

ಗೊಣಗುತ್ತ ಇಳಿದು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದೆ. ಎರಿ ನೆಲ ಆ ಹೊತ್ತಿಗೆ ಒಣಗಿ ಬಾಯಿ ಬಿಟ್ಟಿರುತ್ತದೆ. ಸ್ಟ್ಯಾಂಡಿನ ಒಂದು ಕಾಲು ಬಿರುಕಿನೊಳಗೆ ಇಳಿಯಿತು, ಸೈಕಲ್ಲು ಅಡ್ಡಬಿತ್ತು, ಗಂಟು ಬಿಚ್ಚಿ ಹೋಳಿಗೆಗಳು ಮಣ್ಣಿನಲ್ಲಿ ಹರಡಿದವು. ನಾನು ಸೈಕಲ್ಲಿಗೂ ಮಾಸ್ತರರಿಗೂ ಪಾಂಡವರಿಗೂ ಬೈಯುತ್ತ, ಬಗ್ಗಿ ಒಂದೊಂದೇ ಹೋಳಿಗೆ ಆರಿಸಿ ಮಣ್ಣು ಊದುತ್ತಿದ್ದೆ. ಆಗ ಬೆನ್ನ ಹಿಂದೆ ಗೋಣಿಚೀಲ ಕೊಡವಿದಂಥ ಭಾರಿ ಸಪ್ಪಳವಾಯಿತು. ಒಮ್ಮೆ, ಎರಡು ಸಲ, ಆಮೇಲೆ ಸಾಲಾಗಿ. ಎದ್ದು ತಿರುಗಿದೆ. ಇಳಿಬಿಸಿಲು ನೆಟ್ಟಗೆ ಕಣ್ಣಿಗೆ ಹೊಡೆಯಿತು. ಕಣ್ಣುಜ್ಜಿಕೊಂಡು ನೋಡುವುದರಲ್ಲಿ ಜೋಳದ ತೆನೆಗಳು ಅಲ್ಲಾಡುತ್ತಿದ್ದವು. ಬೇರೇನೂ ಇರಲಿಲ್ಲ.

ಓಡಿಹೋದೆ. ಮಾಸ್ತರರ ಬಾಯಿ ತೆರೆದಿತ್ತು, ಕೆನ್ನೆ ಒದ್ದೆಯಾಗಿತ್ತು.

"ಹೋತ್ರಿ," ಅಂದರು. ಅಷ್ಟೇ.

ಆಮೇಲೆ ಅವರು ಬದುವಿನ ಮೇಲೆ ಕೂತು ಚೀಲದಿಂದ ಪುಸ್ತಕ ತೆಗೆದರು. ಹೊತ್ತು ಮುಳುಗುವವರೆಗೆ ಬರೆದರು. ನಾನು ಹೋಳಿಗೆಯ ಗಂಟು ಹಿಡಿದುಕೊಂಡು ದೂರದಲ್ಲಿ ನಿಂತಿದ್ದೆ. ಅವರಿಗೆ ಕಂಡಿತಲ್ಲ ಎಂದು ಸಂತೋಷ ಪಡಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಹೊಟ್ಟೆಕಿಚ್ಚೇ ಆಯಿತು. ಎರಡು ಒಳ್ಳೆಯ ಕಣ್ಣಿಟ್ಟುಕೊಂಡು ನಾನು ಹೋಳಿಗೆ ನೋಡುತ್ತಿದ್ದೆ.

ಕಮತಗಿಯ ಬಸ್ ಸ್ಟ್ಯಾಂಡಿನ ದೀಪದ ಕೆಳಗೆ ಅವರು ಹಾಳೆ ತೋರಿಸಿದರು. ಹಕ್ಕಿ ಹಾಳೆಯ ತುಂಬ ನಿಂತಿತ್ತು. ಕುತ್ತಿಗೆ ನೆಟ್ಟಗೆ, ಒಂದು ಕಾಲು ಸ್ವಲ್ಪ ಎತ್ತಿ, ಎದೆಗೆ ಕಪ್ಪು ಪಟ್ಟಿ, ಕಣ್ಣಿನಲ್ಲಿ ನಮ್ಮನ್ನು ಲೆಕ್ಕಕ್ಕೇ ಇಡದ ಒಂದು ಗತ್ತು. ನೋಡುತ್ತ ನೋಡುತ್ತ ನನ್ನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಬೆರಳುಗುರಿನಷ್ಟು ಸಣ್ಣದಾಗಿ, ಬಿದ್ದ ಸೈಕಲ್ಲು. ಅದರ ಪಕ್ಕ, ಹಕ್ಕಿಗೆ ಬೆನ್ನು ಮಾಡಿ ಬಗ್ಗಿ, ನೆಲದಲ್ಲಿ ಏನೋ ಆರಿಸುತ್ತಿರುವ ಒಬ್ಬ ಪ್ಯಾಂಟಿನ ಮನುಷ್ಯ. ನಾನು ಬೆಚ್ಚಿಬಿದ್ದೆ. ಆ ಹೊತ್ತು ಪೂರ್ತಿ ಎರಿಭೂತ ಅಲ್ಲಿಯೇ, ನನ್ನ ಹಿಂದೆಯೇ ನಿಂತಿತ್ತು.

ಕೂಗಿದರೆ ಹಾರಿಹೋದೀತೆಂದು ಮಾಸ್ತರರು ಕೂಗಲಿಲ್ಲವಂತೆ. ಕೈಸನ್ನೆ ಮಾಡಿ ಕರೆಯಲು ಒಂದು ಸಲ ತಿರುಗಿದರಂತೆ. ಆಗ ಕಂಡದ್ದು ನನ್ನ ಆ ಬೆನ್ನು. ಕಂಡದ್ದನ್ನು ಬಿಡುವ ಹಾಗಿಲ್ಲವಲ್ಲ. ಹಾಳೆಯ ಕೆಳಗೆ ಎಂದಿನಂತೆ 'ನೋಡಿದವರು' ಎಂದು ಬರೆದು ತಮ್ಮೊಬ್ಬರ ಹೆಸರು ಹಾಕಿದ್ದರು. ಅದರ ಕೆಳಗೆ, ಆ ಪುಸ್ತಕದಲ್ಲಿ ಬೇರೆಲ್ಲೂ ಇಲ್ಲದ ಇನ್ನೊಂದು ಸಾಲು: 'ಸಂಗಡ ಇದ್ದವರು', ಮುಂದೆ ನನ್ನ ಹೆಸರು.

ಆ ಜೋಳದ ಹೊಲಕ್ಕೆ ನಾನು ಆಮೇಲೆ ಎಷ್ಟು ಸಲ ಹೋದೆನೋ. ಟ್ರಂಕಿನಿಂದ ದುರ್ಬೀನು ತೆಗೆದು, ಬೆಳಗಿನಿಂದ ಸಂಜೆಯವರೆಗೆ ಕೂತಿದ್ದೇನೆ. ಎರಡು ಸಲ ಅಲ್ಲ, ಹತ್ತು ಸಲ ನೋಡುವುದನ್ನು ಕಲಿತೆ. ಎರಿಭೂತ ನನಗೆ ಒಮ್ಮೆಯೂ ಕಾಣಲಿಲ್ಲ.

ಎಂಬತ್ತರ ದಶಕದ ನಡುವೆ ಮಾಸ್ತರರ ಉಳಿದ ಕಣ್ಣೂ ಮುಚ್ಚಿತು. ಕೆಲಸ ಬಿಟ್ಟು ಮನೆಯಲ್ಲಿದ್ದರು. ಭಾನುವಾರಗಳಲ್ಲಿ ನಾನು ಹೋಗಿ ಕೂಡುತ್ತಿದ್ದೆ. ಒಂದು ಭಾನುವಾರ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಎರಿಭೂತದ ಹಾಳೆ ತೆಗೆದು ಏನೇನಿದೆ ಹೇಳಿ, ತಮಗೆ ಮರೆಯುತ್ತಿದೆ ಎಂದರು. ಹಕ್ಕಿ ಕಂಡವರಿಗೆ ಹಕ್ಕಿ ಕಾಣದವನು ಹೇಳಬೇಕು! ಹೇಳತೊಡಗಿದೆ. ಕಪ್ಪು ಟೋಪಿ, ಬಿಳಿ ಕುತ್ತಿಗೆ, ಎತ್ತಿದ ಕಾಲು. ಕುತ್ತಿಗೆ ಸ್ವಲ್ಪ ಹಿಂದಕ್ಕೆ ಇರಬೇಕು ನೋಡಿ ಎಂದು ಅವರು ತಿದ್ದಿದರು. ನೋಡಿದೆ, ಹಿಂದಕ್ಕೇ ಇತ್ತು. ಜೋಳದ ತೆನೆ ಹೇಳಿದೆ, ಬದು ಹೇಳಿದೆ, ದೂರದ ಗುಡ್ಡ ಹೇಳಿದೆ. ಬಿದ್ದ ಸೈಕಲ್ಲಿನವರೆಗೆ ಬಂದು ನಿಲ್ಲಿಸಿ, ಇಷ್ಟೇ ಇದೆ ಎಂದು ಪುಸ್ತಕ ಮುಚ್ಚಲು ಹೋದೆ.

ಅವರು ಕೈ ಚಾಚಿ ಪುಸ್ತಕದ ಅಂಚನ್ನು ಹಿಡಿದರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, "ಸೈಕಲ್ಲಿನ ಹತ್ರ ಯಾರೂ ಇಲ್ಲೇನ್ರಿ ಸರ?" ಅಂದರು.

ಪುಸ್ತಕವನ್ನು ಮತ್ತೆ ತೆರೆದೆ.

"ಅದಾನ್ರಿ ಮಾಸ್ತರ," ಅಂದೆ. "ಒಬ್ಬಾಂವ ಅದಾನ. ಹಕ್ಕಿಗೆ ಬೆನ್ನು ಮಾಡಿ ನಿಂತಾನ."